ತೋರಿಸದೆ ಹಾಕುವುದಿಲ್ಲ ಎಂದಿದ್ದ ಚಿತ್ರ

ದತ್ತಿ ಸಂಸ್ಥೆಯೊಂದರ ಅಧ್ಯಕ್ಷರಿಗೆ ಬೇಗೂರಿನಿಂದ ಬಹಿರಂಗ ಪತ್ರ

ಗೆ,
ಮಾನ್ಯ ಅಧ್ಯಕ್ಷರು
(ಸಂಸ್ಥೆಯ ಹೆಸರನ್ನು ಸದ್ಯಕ್ಕೆ ಇಲ್ಲಿ ಬರೆದಿಲ್ಲ)

ವಿಷಯ: ದೇಣಿಗೆ ಜಾಹೀರಾತಿನಲ್ಲಿ ಮಕ್ಕಳ ಚಿತ್ರದ ಬಳಕೆ ಹಾಗೂ ಬೇಗೂರು ಹೋಬಳಿಯ ಪೋಷಕರಿಗೆ ಕೊಟ್ಟ ಮಾತು

ಮಾನ್ಯರೆ,

ದೇಣಿಗೆ ಕೇಳುವ ಜಾಹೀರಾತಿನಲ್ಲಿ ಅಕ್ಷರಕ್ಕಿಂತ ಮೊದಲು ಕೆಲಸ ಮಾಡುವುದು ಮುಖ. ಅದರಲ್ಲೂ ಮಗುವಿನ ಮುಖ. ಅದರಲ್ಲೂ ಕ್ಯಾಮೆರಾವನ್ನೇ ನೋಡುತ್ತಿರುವ ಒಂಟಿ ಮಗುವಿನ ಮುಖ. ರಾಜ್ಯದಲ್ಲಿ ಇಷ್ಟು ಸಾವಿರ ಮಕ್ಕಳು ಅಪೌಷ್ಟಿಕತೆಯಿಂದ ಬಳಲುತ್ತಿದ್ದಾರೆ ಎಂದು ಓದಿ ಜೇಬಿಗೆ ಕೈ ಹಾಕುವವರು ಕಡಿಮೆ. ಅದೇ ಓದುಗರು ಒಂದು ಮಗುವಿನ ಕಣ್ಣು ನೋಡಿದ ಮೇಲೆ ಸುಮ್ಮನೆ ಕೂರಲಾರದೆ ದುಡ್ಡು ಕಳಿಸುತ್ತಾರೆ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಕಣ್ಣೆದುರಿನ ಒಬ್ಬರ ಕಷ್ಟಕ್ಕೆ ಕರಗುವ ಮನಸ್ಸು ಸಾವಿರ ಜನರ ಕಷ್ಟದ ಲೆಕ್ಕಕ್ಕೆ ಅಷ್ಟು ಬೇಗ ಕರಗುವುದಿಲ್ಲ, ಅಷ್ಟೆ.

ಇದನ್ನು ಪ್ರಯೋಗ ಮಾಡಿ ನೋಡಿದವರಿದ್ದಾರೆ. ಅಮೆರಿಕದ ಡೆಬೊರಾ ಸ್ಮಾಲ್, ಜಾರ್ಜ್ ಲೋವೆನ್‌ಸ್ಟೈನ್ ಮತ್ತು ಪಾಲ್ ಸ್ಲೋವಿಕ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಎಲ್ಲರೂ ಎತ್ತಿ ಹೇಳುವಂಥದ್ದು. ಭಾಗವಹಿಸಿದವರಿಗೆ ತಲಾ 5 ಡಾಲರ್ ಕೊಟ್ಟು, ಅದರಲ್ಲಿ ಎಷ್ಟನ್ನು ಬೇಕಾದರೂ ದಾನ ಮಾಡಬಹುದು ಎಂದು ಹೇಳಲಾಯಿತು. ಒಂದು ಗುಂಪಿಗೆ ಆಫ್ರಿಕಾದ ಮಾಲಿ ದೇಶದ ರೋಕಿಯಾ ಎಂಬ ಏಳು ವರ್ಷದ ಬಾಲಕಿಯ ಚಿತ್ರ ಮತ್ತು ಕಥೆ ಸಿಕ್ಕಿತು. ಇನ್ನೊಂದು ಗುಂಪಿಗೆ ಬರ ಮತ್ತು ಹಸಿವಿನ ಅಂಕಿ ಅಂಶಗಳು ಸಿಕ್ಕಿದವು. ರೋಕಿಯಾಳನ್ನು ನೋಡಿದವರು ಸರಾಸರಿ 2.38 ಡಾಲರ್ ಕೊಟ್ಟರು. ಅಂಕಿ ಓದಿದವರು 1.14 ಡಾಲರ್. ಮೂರನೆಯ ಗುಂಪಿಗೆ ಎರಡನ್ನೂ ಕೊಟ್ಟಾಗ ದಾನ ಹೆಚ್ಚಬೇಕಿತ್ತು. ಆದರೆ ಅದು 1.43 ಡಾಲರ್‌ಗೆ ಇಳಿಯಿತು. ಮುಖದ ಪಕ್ಕದಲ್ಲಿ ಅಂಕಿ ಬಂದು ನಿಂತರೆ ಮುಖದ ಬಲವೂ ಕುಗ್ಗುತ್ತದೆ. ಎರಡು ವರ್ಷಗಳ ನಂತರ ಇದೇ ಸ್ಮಾಲ್, ನಿಕೋಲ್ ವೆರೋಕಿ ಎಂಬುವರ ಜೊತೆ ಮಾಡಿದ ಅಧ್ಯಯನದಲ್ಲಿ ನಗುವ ಮುಖಕ್ಕಿಂತ, ಭಾವವಿಲ್ಲದ ಮುಖಕ್ಕಿಂತ, ದುಃಖದ ಮುಖವೇ ನೋಡುವವರ ಮರುಕವನ್ನು ಹೆಚ್ಚು ಸೆಳೆಯುತ್ತದೆ ಎಂಬುದು ಕಂಡಿತು. ಸ್ವೀಡನ್ನಿನ ಡೇನಿಯಲ್ ವೆಸ್ಟ್‌ಫ್ಯಾಲ್ ಮತ್ತು ಸಂಗಡಿಗರು 2014ರಲ್ಲಿ ತೋರಿಸಿದ್ದು ಇನ್ನೂ ವಿಚಿತ್ರ: ಒಂದು ಮಗುವಿನ ಜಾಗದಲ್ಲಿ ಎರಡು ಮಕ್ಕಳನ್ನು ನಿಲ್ಲಿಸಿದರೂ ಸಾಕು, ಕನಿಕರ ಕಡಿಮೆಯಾಗತೊಡಗುತ್ತದೆ.

ದೇಣಿಗೆ ಎತ್ತುವುದನ್ನೇ ವೃತ್ತಿಯಾಗಿ ಮಾಡಿಕೊಂಡವರಿಗೆ ಇದೆಲ್ಲ ಗೊತ್ತಿದೆ. ಒಬ್ಬರೇ ಇರಬೇಕು, ಮಗುವೇ ಆಗಬೇಕು, ಮುಖ ಬಾಡಿರಬೇಕು, ಅಂಕಿ ಕಡಿಮೆ ಇರಬೇಕು. ತಮ್ಮ ಸಂಸ್ಥೆಯ ಜಾಹೀರಾತು ಈ ನಾಲ್ಕನ್ನೂ ಪಾಲಿಸಿದೆ.

ನಡೆದದ್ದು ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಬಹಳ ಜನಕ್ಕೆ ಗೊತ್ತಿರುವುದರಿಂದ ಇಲ್ಲಿ ಚುಟುಕಾಗಿ ಹೇಳಿದರೆ ಸಾಕು. ಸಂಸ್ಥೆಯವರು ಬೇಗೂರು ಹೋಬಳಿಯ ಸರ್ಕಾರಿ ಶಾಲೆಯೊಂದಕ್ಕೆ ಬಂದು ಬ್ಯಾಗು, ನೋಟ್‌ಬುಕ್ಕು ಹಂಚಿದರು, ಮಕ್ಕಳ ಫೋಟೊ ತೆಗೆದರು. ಫೋಟೊ ಯಾತಕ್ಕೆ ಎಂದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಪೋಷಕರು ಕೇಳಿದಾಗ, “ನಿಮಗೆ ತೋರಿಸದೆ ಒಂದು ಫೋಟೊನೂ ಹಾಕಲ್ಲ” ಎಂದು ಮಾತು ಕೊಟ್ಟರು. ಆ ಮಾತು ನಡಾವಳಿ ಪುಸ್ತಕದಲ್ಲಿದೆ, ಕೆಳಗೆ ಸಂಸ್ಥೆಯ ಪ್ರತಿನಿಧಿಯ ಸಹಿ ಇದೆ. ಮುಂದೆ ಮೂರನೇ ತರಗತಿಯ ಬಾಲಕಿಯೊಬ್ಬಳ ಚಿತ್ರ ಸಂಸ್ಥೆಯ ಜಾಹೀರಾತಾಗಿ ಮೊಬೈಲುಗಳಲ್ಲಿ ಓಡಾಡತೊಡಗಿತು. ನಂಜನಗೂಡಿನಲ್ಲಿ ಕೆಲಸ ಮಾಡುವ ಅವಳ ಸೋದರಮಾವನ ಫೋನಿಗೆ ಅದು ಬಂದ ಮೇಲೆಯೇ ತಂದೆತಾಯಿಗೆ ವಿಷಯ ತಿಳಿದದ್ದು. ಚಿತ್ರದ ಮೇಲಿದ್ದ ಬರಹ: “ಇವಳಿಗೆ ಯಾರೂ ಇಲ್ಲ. ಇವತ್ತೂ ಊಟವಿಲ್ಲ.” ಫೋನ್ ಮಾಡಿದ್ದಾಯಿತು, ರಿಜಿಸ್ಟರ್ ಪತ್ರ ಕಳಿಸಿದ್ದಾಯಿತು. ಇಮೇಲಿಗೆ ಬಂದ ಉತ್ತರದಲ್ಲಿ ಕಾಳಜಿಗೆ ಧನ್ಯವಾದ ಎಂಬ ಒಂದು ಸಾಲು, ಅದರ ಕೆಳಗೆ ದೇಣಿಗೆ ನೀಡಲು ಒತ್ತಬೇಕಾದ ಗುಂಡಿ ಇತ್ತು. ಬೇರೆ ದಾರಿ ಕಾಣದೆ ಈ ಪತ್ರವನ್ನು ಎಲ್ಲರೂ ಓದುವಂತೆ ಬರೆಯಲಾಗಿದೆ.

ಮೊದಲಿಗೆ ಆ ಚಿತ್ರವನ್ನೇ ಹತ್ತಿರದಿಂದ ನೋಡಬೇಕು. ಬಾಲಕಿ ಶಾಲೆಯ ಜಗುಲಿಯ ಮೆಟ್ಟಿಲ ಮೇಲೆ ಕೂತಿದ್ದಾಳೆ. ತೊಡೆಯ ಮೇಲೆ ಖಾಲಿ ಸ್ಟೀಲ್ ತಟ್ಟೆ. ಬಿಸಿಲಿಗೆ ಕಣ್ಣು ಕಿರಿದಾಗಿದೆ, ಹುಬ್ಬು ಗಂಟಿಕ್ಕಿದೆ. ಬಣ್ಣವನ್ನೆಲ್ಲ ತೆಗೆದು ಚಿತ್ರವನ್ನು ಬೂದು ಮಾಡಲಾಗಿದೆ. ಹಾಗಾಗಿ ಸಮವಸ್ತ್ರದ ನೀಲಿ ಕಾಣುವುದಿಲ್ಲ, ಹಳೆಯ ಬಟ್ಟೆಯಂತೆ ಕಾಣುತ್ತದೆ. ಎಡಬದಿಯನ್ನು ಕತ್ತರಿಸಲಾಗಿದೆ. ಆ ಎಡಬದಿಯಲ್ಲಿ ಕೈತೊಳೆಯುವ ನಲ್ಲಿ ಇದೆ, ನಲ್ಲಿಯ ಮುಂದೆ ಊಟ ಮುಗಿಸಿ ತಟ್ಟೆ ತೊಳೆಯಲು ನಿಂತ ಮಕ್ಕಳ ಸಾಲಿದೆ. ಗಮನವಿಟ್ಟು ನೋಡಿದರೆ ಆ ಬೂದು ಚಿತ್ರದಲ್ಲೂ ತಟ್ಟೆಯ ಅಂಚಿನಲ್ಲಿ ನೀರಿನ ಹನಿ ಕಾಣುತ್ತದೆ. ಅವಳು ಅನ್ನ ಸಾಂಬಾರು ಉಂಡು, ತಟ್ಟೆ ತೊಳೆದುಕೊಂಡು, ಗಂಟೆ ಹೊಡೆಯುವುದನ್ನು ಕಾಯುತ್ತ ಕೂತಿದ್ದಳು. ತಟ್ಟೆ ಖಾಲಿ ಇದ್ದದ್ದು ಊಟ ಆಗಿದ್ದರಿಂದ. ತಂದೆ ಸಣ್ಣ ಈರುಳ್ಳಿ ಕೀಳುವ ಕೆಲಸಕ್ಕೆ ಹೋಗುತ್ತಾರೆ, ತಾಯಿ ಅರಿಶಿನದ ಹೊಲಕ್ಕೆ ಕೂಲಿಗೆ ಹೋಗುತ್ತಾರೆ, ಮನೆಯಲ್ಲಿ ಅಜ್ಜಿ ಇದ್ದಾರೆ. ಬಡತನ ಇರುವುದು ನಿಜ. ‘ಯಾರೂ ಇಲ್ಲ’ ಎಂಬುದು ಹಸಿ ಸುಳ್ಳು.

ಹೀಗೆ ಹಸಿವಿನ ಮುಖವನ್ನು ಚಿತ್ರ ಮಾಡಿ ದಾನ ಕೇಳುವುದಕ್ಕೆ ದಕ್ಷಿಣ ಭಾರತದಲ್ಲೇ ಸುಮಾರು 150 ವರ್ಷಗಳ ಚರಿತ್ರೆ ಇದೆ. 1876ರಿಂದ 1878ರವರೆಗಿನ ಮಹಾ ಬರವನ್ನು ಹಳೆಯ ಮೈಸೂರಿನ ಜನ ಧಾತು, ಈಶ್ವರ ಸಂವತ್ಸರಗಳ ಹೆಸರಿನಿಂದ ಕರೆದರು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷ 55 ಸಾವಿರ ಇದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41 ಲಕ್ಷ 86 ಸಾವಿರಕ್ಕೆ ಇಳಿದಿತ್ತು. ಆ ಬರದಲ್ಲಿ ವಿಲೋಬಿ ವ್ಯಾಲೇಸ್ ಹೂಪರ್ ಎಂಬ ಬ್ರಿಟಿಷ್ ಸೇನಾಧಿಕಾರಿ ಮದ್ರಾಸ್ ಪ್ರಾಂತದಲ್ಲಿ ಎಲುಬು ಚರ್ಮ ಮಾತ್ರ ಉಳಿದಿದ್ದ ಗಂಡಸು, ಹೆಂಗಸು, ಮಕ್ಕಳನ್ನು ಸಾಲಾಗಿ ಕೂರಿಸಿ, ನಿಲ್ಲಿಸಿ ಫೋಟೊ ತೆಗೆದ. ಇಂಗ್ಲೆಂಡಿನಲ್ಲಿ ಬರ ಪರಿಹಾರಕ್ಕೆಂದು ಲಂಡನ್ನಿನ ಮೇಯರ್ 1877ರಲ್ಲಿ ತೆರೆದ ನಿಧಿಗೆ ಲಕ್ಷಗಟ್ಟಲೆ ಪೌಂಡ್ ಹರಿದು ಬಂತು. ಅದೇ ಹೂಪರನ ಮೇಲೆ, ಫೋಟೊ ತೆಗೆಯುವುದಕ್ಕೆ ಕೂರಿಸಿದವರಿಗೆ ಊಟ ಕೊಡದೆ ಕಳಿಸಿದ ಎಂಬ ಟೀಕೆ ಬಂತು. ಆ ಚಿತ್ರಗಳು ಇಂದಿಗೂ ಪುಸ್ತಕಗಳಲ್ಲಿ, ವಸ್ತುಸಂಗ್ರಹಾಲಯಗಳಲ್ಲಿ ಇವೆ. ತೆಗೆದವನ ಹೆಸರು ಇದೆ, ಚಿತ್ರದಲ್ಲಿರುವ ಒಬ್ಬರ ಹೆಸರೂ ಇಲ್ಲ.

ಚಿತ್ರದಿಂದ ಒಳ್ಳೆಯದು ಆಗಿಲ್ಲ ಎಂದು ಹೇಳಿದರೆ ಅದೂ ತಪ್ಪು. ಮೊದಲ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ ತನ್ನ ಶತ್ರು ದೇಶಗಳ ಮೇಲಿನ ದಿಗ್ಬಂಧನವನ್ನು ತೆಗೆದಿರಲಿಲ್ಲ. ಆಸ್ಟ್ರಿಯಾ, ಜರ್ಮನಿಯ ಮಕ್ಕಳು ಹಸಿವಿನಿಂದ ಸಾಯುತ್ತಿದ್ದರು. 1919ರಲ್ಲಿ ಎಗ್ಲಂಟೈನ್ ಜೆಬ್ ಎಂಬ ಮಹಿಳೆ ಹಸಿದ ಆಸ್ಟ್ರಿಯನ್ ಮಗುವಿನ ಚಿತ್ರವಿದ್ದ ಕರಪತ್ರವನ್ನು ಲಂಡನ್ನಿನ ಟ್ರಾಫಲ್ಗರ್ ಚೌಕದಲ್ಲಿ ಹಂಚಿದರು. ಪೊಲೀಸರು ಬಂಧಿಸಿದರು, ನ್ಯಾಯಾಲಯ 5 ಪೌಂಡ್ ದಂಡ ಹಾಕಿತು. ಅದೇ ವರ್ಷದ ಮೇ ತಿಂಗಳಲ್ಲಿ ‘ಸೇವ್ ದಿ ಚಿಲ್ಡ್ರನ್’ ನಿಧಿ ಹುಟ್ಟಿತು. ಜೆಬ್ ತೋರಿಸಿದ ಹಸಿವು ನಿಜವಾದ ಹಸಿವು. ಆ ಚಿತ್ರ ಒಂದು ಸರ್ಕಾರದ ತಪ್ಪನ್ನು ಅದರದೇ ಜನರ ಮುಂದೆ ಇಟ್ಟಿತು. 1984ರ ಅಕ್ಟೋಬರಿನಲ್ಲಿ ಇಥಿಯೋಪಿಯಾದ ಬರವನ್ನು ಮೈಕೆಲ್ ಬರ್ಕ್ ಮತ್ತು ಕ್ಯಾಮೆರಾಮನ್ ಮೊಹಮ್ಮದ್ ಅಮೀನ್ ಬಿಬಿಸಿಯಲ್ಲಿ ತೋರಿಸಿದಾಗಲೂ ಜಗತ್ತು ಎದ್ದು ಕೂತಿತು. ಮುಂದಿನ ವರ್ಷದ ‘ಲೈವ್ ಏಡ್’ ಸಂಗೀತ ಕಾರ್ಯಕ್ರಮಗಳಿಗೆ ಅದೇ ಬೀಜ.

ಆದರೆ ಅಷ್ಟು ಹೊತ್ತಿಗೆ ಈ ವೃತ್ತಿಯ ಒಳಗಿನವರಿಗೇ ಹೇಸಿಗೆ ಶುರುವಾಗಿತ್ತು. ಡೆನ್ಮಾರ್ಕಿನ ಯೋರ್ಗೆನ್ ಲಿಸ್ನರ್ ಎಂಬ ನೆರವು ಕಾರ್ಯಕರ್ತ 1981ರಲ್ಲೇ, ಹಸಿದ ಮಗುವಿನ ಚಿತ್ರವನ್ನು ಹೀಗೆ ಬಳಸುವುದು ಅಶ್ಲೀಲ ಚಿತ್ರಕ್ಕೆ ಹತ್ತಿರದ್ದು, ಮನುಷ್ಯನ ಅತ್ಯಂತ ಖಾಸಗಿಯಾದ ನೋವನ್ನು ಬಯಲು ಮಾಡುವಂಥದ್ದು ಎಂಬರ್ಥದಲ್ಲಿ ಬರೆದರು. ಯುರೋಪಿನ ಸ್ವಯಂಸೇವಾ ಸಂಸ್ಥೆಗಳು 1989ರಲ್ಲಿ ಒಟ್ಟಾಗಿ ಚಿತ್ರ ಮತ್ತು ಸಂದೇಶಗಳ ಬಳಕೆಗೆ ನೀತಿಸಂಹಿತೆಯನ್ನು ಒಪ್ಪಿಕೊಂಡವು. ಜನರನ್ನು ಬರೀ ಕೈಚಾಚುವವರಂತೆ ತೋರಿಸಬಾರದು, ಅವರ ಘನತೆಗೆ ಕುಂದು ತರಬಾರದು ಎಂಬುದು ಅದರ ತಿರುಳು. ಅಂದರೆ ಬೇಗೂರಿನ ಪೋಷಕರು ಕೇಳಿದ್ದು ಹೊಸದೇನೂ ಅಲ್ಲ. ಈ ಕ್ಷೇತ್ರದವರೇ ಮೂರು ದಶಕಗಳ ಹಿಂದೆ ಒಪ್ಪಿಕೊಂಡದ್ದಕ್ಕಿಂತ ಕಡಿಮೆಯದನ್ನೇ ಅವರು ಕೇಳಿದರು: ಹಾಕುವ ಮೊದಲು ತೋರಿಸಿ.

ಇನ್ನು ಈ ದೇಶದ ಕಾನೂನು. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮಿನ ಪ್ರಕಾರ, ಆರೈಕೆ ಮತ್ತು ರಕ್ಷಣೆ ಬೇಕಾದ ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ ಯಾವುದನ್ನೂ ಗುರುತು ಸಿಗುವಂತೆ ಮಾಧ್ಯಮದಲ್ಲಿ ಪ್ರಕಟಿಸುವಂತಿಲ್ಲ. ಉಲ್ಲಂಘಿಸಿದರೆ ಆರು ತಿಂಗಳವರೆಗೆ ಸೆರೆವಾಸ ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಯಾರು ಈ ‘ಆರೈಕೆ ಮತ್ತು ರಕ್ಷಣೆ ಬೇಕಾದ ಮಗು’ ಎಂಬುದನ್ನು ಅದೇ ಕಾಯ್ದೆಯ 2ನೇ ಕಲಮು ಹೇಳುತ್ತದೆ: ಮನೆಯಾಗಲಿ ಜೀವನಾಧಾರವಾಗಲಿ ಇಲ್ಲದ ಮಗು, ತಂದೆತಾಯಿ ಇಲ್ಲದೆ ನೋಡಿಕೊಳ್ಳುವವರೂ ಇಲ್ಲದ ಮಗು, ಹೀಗೆ ಪಟ್ಟಿ ಹೋಗುತ್ತದೆ. ಇಲ್ಲಿ ಅಧ್ಯಕ್ಷರು ಒಂದನ್ನು ಯೋಚಿಸಬೇಕು. ಜಾಹೀರಾತು ಹೇಳುವಂತೆ ಆ ಬಾಲಕಿಗೆ ನಿಜವಾಗಿಯೂ ಯಾರೂ ಇಲ್ಲದಿದ್ದರೆ, ಅವಳ ಮುಖವನ್ನು ತೋರಿಸಿದ್ದೇ ಅಪರಾಧ. ಸಂಸ್ಥೆ ಮಾಡಬೇಕಿದ್ದದ್ದು ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸುವುದು. ಅವಳಿಗೆ ಎಲ್ಲರೂ ಇದ್ದರೆ, ಜಾಹೀರಾತು ಸುಳ್ಳು. ಆ ಸುಳ್ಳನ್ನು ನಂಬಿ ದುಡ್ಡು ಕೊಟ್ಟವರಿಗೆ ಮೋಸವಾಗಿದೆ. ಮೂರನೆಯ ದಾರಿ ಇಲ್ಲ. ಪೋಷಕರಿಗೆ ಚಿತ್ರ ತೋರಿಸಿದ್ದರೆ ಈ ಇಕ್ಕಟ್ಟು ಅಂದೇ ಬಗೆಹರಿಯುತ್ತಿತ್ತು.

ಜಾಹೀರಾತು ಉದ್ಯಮ ತಾನೇ ಹಾಕಿಕೊಂಡ ನಿಯಮವೂ ಇದೆ. 1985ರಲ್ಲಿ ಸ್ಥಾಪನೆಯಾದ ಭಾರತೀಯ ಜಾಹೀರಾತು ಮಾನದಂಡ ಮಂಡಳಿ 2023ರಲ್ಲಿ ದತ್ತಿ ಜಾಹೀರಾತುಗಳಿಗೆಂದೇ ಮಾರ್ಗಸೂಚಿ ಹೊರಡಿಸಿತು. ಸಂಕಟದಲ್ಲಿರುವವರ, ಅದರಲ್ಲೂ ಮಕ್ಕಳ, ಕರುಳು ಹಿಂಡುವ ಚಿತ್ರಗಳನ್ನು ನೇರವಾಗಿ ಎದುರಿಗಿಟ್ಟು ಅವರ ಘನತೆಗೆ ಧಕ್ಕೆ ತರಬಾರದು. ದಾನ ಕೊಡದವರು ಕರ್ತವ್ಯ ಮರೆತವರು, ನಾಚಿಕೆಪಡಬೇಕಾದವರು ಎಂಬಂತೆ ಬರೆಯಬಾರದು. ಹಣ ಯಾರಿಗೆ ಹೋಗುತ್ತದೆ ಎಂಬುದರಲ್ಲಿ ದಾರಿತಪ್ಪಿಸಬಾರದು. ಚಿತ್ರದಲ್ಲಿರುವವರು ನಿಜವಾದ ಫಲಾನುಭವಿ ಅಲ್ಲದಿದ್ದರೆ ಅದನ್ನು ತಿಳಿಸಬೇಕು. ಇದು ಸ್ವಯಂ ನಿಯಂತ್ರಣದ ಸಂಸ್ಥೆ, ಜೈಲಿಗೆ ಹಾಕುವ ಅಧಿಕಾರ ಅದಕ್ಕಿಲ್ಲ. ಆದರೂ ದೂರು ಯಾರು ಬೇಕಾದರೂ ಕೊಡಬಹುದು. ಭಾರತವು 1992ರ ಡಿಸೆಂಬರಿನಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 16ನೇ ವಿಧಿಯೂ ಮಗುವಿನ ಖಾಸಗಿತನ ಮತ್ತು ಮಾನವನ್ನು ಕಾಯುತ್ತದೆ. ಬಡವರ ಮಗುವಿಗೂ ಮಾನ ಇದೆ ಎಂದು ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ಓದಿ ತಿಳಿಯಬೇಕಾಗಿ ಬಂದದ್ದು ದುಃಖದ ಸಂಗತಿ.

ಆ ಮಾನಕ್ಕೆ ಆದದ್ದೇನು ಎಂಬುದನ್ನು ಅಧ್ಯಕ್ಷರು ಬೆಂಗಳೂರಿನಲ್ಲಿ ಕೂತು ಊಹಿಸಲಾರರು. ಶಾಲೆಯಲ್ಲಿ ಬೇರೆ ಮಕ್ಕಳು ಆ ಬಾಲಕಿಯನ್ನು ‘ಉಪವಾಸ’ ಎಂದೇ ಕರೆಯತೊಡಗಿದರು. ಊಟಕ್ಕೆ ಸಾಲಿನಲ್ಲಿ ನಿಂತರೆ, ಫೋನಿನಲ್ಲಿ ನಿನಗೆ ಊಟ ಇಲ್ಲವಂತಲ್ಲ ಎಂದು ರೇಗಿಸಿದರು. ಕೆಲವು ದಿನ ಅವಳು ಬಿಸಿಯೂಟದ ತಟ್ಟೆಯನ್ನೇ ತರಲಿಲ್ಲ. ಹಸಿವಿಲ್ಲದ ಮಗುವನ್ನು ಹಸಿದವಳೆಂದು ತೋರಿಸಿದ ಜಾಹೀರಾತೇ ಕೊನೆಗೆ ಆ ಮಗುವನ್ನು ಉಪವಾಸ ಕೂರಿಸಿತು. ತಂದೆಗೆ ಆದ ಅವಮಾನವೂ ಸಣ್ಣದಲ್ಲ. ದಿನವಿಡೀ ದುಡಿದು ಮಗಳನ್ನು ಸಾಕುವ ಮನುಷ್ಯನನ್ನು ಒಂದು ಸಾಲಿನ ಬರಹ ಇಲ್ಲವಾಗಿಸಿತು. “ನಾನು ಬದುಕಿರುವಾಗಲೇ ನನ್ನ ಮಗಳಿಗೆ ಯಾರೂ ಇಲ್ಲ ಅಂತ ಬರೆದವರು ಯಾರು?” ಎಂದು ಅವರು ಎಸ್‌ಡಿಎಂಸಿ ಸಭೆಯಲ್ಲಿ ಕೇಳಿದರು. ಉತ್ತರ ಹೇಳಬೇಕಾದವರು ಸಭೆಗೆ ಬರಲಿಲ್ಲ.

ಚಿತ್ರ ಮುಚ್ಚಿಟ್ಟ ಇನ್ನೊಂದು ಸಂಗತಿ ಇದೆ, ಅದು ಒಂದು ಮಗುವಿಗಿಂತ ದೊಡ್ಡದು. ಕತ್ತರಿಸಿ ಹಾಕಿದ ಆ ಎಡಬದಿಯಲ್ಲಿ ಇದ್ದದ್ದು ಬಿಸಿಯೂಟ. ಸರ್ಕಾರಿ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು, ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಹೂಡಿದ್ದ ಆಹಾರ ಹಕ್ಕಿನ ಮೊಕದ್ದಮೆಯಲ್ಲಿ ಆದೇಶಿಸಿತು. ಕರ್ನಾಟಕದಲ್ಲಿ ಅಕ್ಷರ ದಾಸೋಹ 2002ರಲ್ಲಿ ಮೊದಲು ಈಶಾನ್ಯ ಭಾಗದ ಜಿಲ್ಲೆಗಳಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹರಡಿತು. 2013ರ ಆಗಸ್ಟ್ 1ರಂದು ಕ್ಷೀರಭಾಗ್ಯದ ಹಾಲು ಬಂತು, ಅದೇ ವರ್ಷದ ಆಹಾರ ಭದ್ರತಾ ಕಾಯ್ದೆ ಶಾಲೆಯ ಊಟವನ್ನು ಕಾನೂನಿನ ಹಕ್ಕಾಗಿಸಿತು, ಮುಂದೆ ಮೊಟ್ಟೆ, ಬಾಳೆಹಣ್ಣು ಸೇರಿದವು. ಈ ಊಟ ಯಾರ ಕೃಪೆಯೂ ಅಲ್ಲ. ಹೋರಾಡಿ ಪಡೆದದ್ದು, ತೆರಿಗೆಯ ದುಡ್ಡಿನಿಂದ ನಡೆಯುವುದು, ಊರಿನ ಹೆಣ್ಣುಮಕ್ಕಳು ಬಹಳ ಕಡಿಮೆ ಗೌರವಧನಕ್ಕೆ ಬೆಳಿಗ್ಗೆಯಿಂದ ಒಲೆಯ ಮುಂದೆ ನಿಂತು ಬೇಯಿಸುವುದು. ಗೌರವಧನ ಹೆಚ್ಚಿಸಿ ಎಂದು ಈ ಅಡುಗೆಯವರು ಬೆಂಗಳೂರಿಗೆ ಹೋಗಿ ಬೀದಿಯಲ್ಲಿ ಕೂತದ್ದೂ ಉಂಟು. ಅವರ ಚಿತ್ರ ಯಾವ ಜಾಹೀರಾತಿನಲ್ಲೂ ಬರುವುದಿಲ್ಲ. ಅವರು ಬಡಿಸಿದ ಅನ್ನವನ್ನು ಚಿತ್ರದಿಂದ ಅಳಿಸಿ, ಆ ಖಾಲಿ ತಟ್ಟೆಯನ್ನು ತೋರಿಸಿ ದೇಣಿಗೆ ಕೇಳಲಾಗಿದೆ. ಹಕ್ಕಿನ ಊಟ ಉಂಡ ಮಗುವನ್ನು ಭಿಕ್ಷೆಗೆ ಕೂರಿಸಿದಂತಾಯಿತು.

ಒಬ್ಬರ ಮುಖ ವ್ಯವಸ್ಥೆಯನ್ನು ಮರೆಸುತ್ತದೆ ಎಂಬುದನ್ನು ಅರ್ಥಶಾಸ್ತ್ರಜ್ಞ ಥಾಮಸ್ ಶೆಲಿಂಗ್ 1968ರಲ್ಲೇ ಬರೆದಿದ್ದರು. ಆರು ವರ್ಷದ ಬಾಲಕಿಯ ಶಸ್ತ್ರಚಿಕಿತ್ಸೆಗೆ ಸಾವಿರಾರು ಡಾಲರ್ ಬೇಕು ಎಂದರೆ ಚಿಲ್ಲರೆ ಕಾಸು ಸುರಿದು ಅಂಚೆ ಕಚೇರಿ ತುಂಬಿಹೋಗುತ್ತದೆ. ಮಾರಾಟ ತೆರಿಗೆ ಇಲ್ಲದೆ ಆಸ್ಪತ್ರೆಗಳು ಸೊರಗಿ ತಪ್ಪಿಸಬಹುದಾದ ಸಾವುಗಳು ಹೆಚ್ಚುತ್ತವೆ ಎಂದರೆ ಕಣ್ಣೀರು ಹಾಕುವವರು ಕಡಿಮೆ ಎಂದು. ಚಾಮರಾಜನಗರ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2021ರ ಮೇ 2 ಮತ್ತು 3ರ ನಡುವೆ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ರೋಗಿಗಳು ತೀರಿಕೊಂಡರು. ಆ ಸಾವುಗಳಿಗೆ ಬೇಕಿದ್ದದ್ದು ಸಿಲಿಂಡರು, ಅದನ್ನು ಹೊತ್ತಿಗೆ ಸರಿಯಾಗಿ ತಲುಪಿಸುವ ಆಡಳಿತ. ಯಾವ ಮುಖದ ಚಿತ್ರವೂ ಅದನ್ನು ಮೊದಲೇ ತಂದುಕೊಡುತ್ತಿರಲಿಲ್ಲ.

ಇವತ್ತು ಈ ಚಾಳಿ ಒಂದು ಸಂಸ್ಥೆಗೆ ನಿಂತಿಲ್ಲ. ಮೊಬೈಲಿನಲ್ಲಿ ಹಾಡು ಕೇಳಲು ಹೋದರೆ ಮೊದಲು ಆಸ್ಪತ್ರೆಯ ಕೊಳವೆಗಳ ನಡುವೆ ಮಲಗಿದ ಕೂಸು ಬರುತ್ತದೆ, ಹಿಂದೆ ಅಳುವ ತಾಯಿಯ ದನಿ, ಕೆಳಗೆ ದುಡ್ಡಿನ ಪಟ್ಟಿ. ಬೆನ್ನುಹುರಿಯ ಸ್ನಾಯು ಕ್ಷಯದಂಥ ಅಪರೂಪದ ಕಾಯಿಲೆಗೆ ಸುಮಾರು 16 ಕೋಟಿ ರೂಪಾಯಿಯ ಔಷಧಿ ಬೇಕೆಂದಾಗ ಕರ್ನಾಟಕದ ತಂದೆತಾಯಿಯರೂ ಮಗುವಿನ ಚಿತ್ರ ಹಿಡಿದು ಜನರ ಮುಂದೆ ಬಂದರು. ಆ ತಂದೆತಾಯಿಯರನ್ನು ದೂರುವುದು ಅನ್ಯಾಯ. ಅವರಿಗೆ ಬೇರೆ ದಾರಿ ಇರಲಿಲ್ಲ. ದೂರಬೇಕಾದದ್ದು 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಂಥದ್ದನ್ನು. ಅತ್ಯಂತ ದುಬಾರಿ ಚಿಕಿತ್ಸೆಯ ಮಕ್ಕಳಿಗೆ ಸರ್ಕಾರವೇ ಸಾರ್ವಜನಿಕ ದೇಣಿಗೆಯ ಜಾಲತಾಣದ ದಾರಿ ತೋರಿಸಿತು. ಆಮೇಲೆ 50 ಲಕ್ಷದವರೆಗೆ ನೆರವು ಎಂದಿತು. 16 ಕೋಟಿಯ ಮುಂದೆ 50 ಲಕ್ಷ ಎಲ್ಲಿಗೆ ಸಾಕು? ಯಾವ ಮಗುವಿನ ಮುಖ ಹೆಚ್ಚು ಜನರನ್ನು ಕರಗಿಸುತ್ತದೋ ಆ ಮಗು ಬದುಕುತ್ತದೆ, ನೋಡಲು ಅಷ್ಟು ಮುದ್ದಾಗಿಲ್ಲದ ಮಗು ಪಟ್ಟಿಯ ಕೆಳಗೆ ಉಳಿಯುತ್ತದೆ. ಚಿಕಿತ್ಸೆ ಹಂಚುವ ಕ್ರಮ ಇದಾಗಬಾರದು.

ಬಂಡೀಪುರದ ಅಂಚಿನ ಹಾಡಿಗಳ ಜೇನುಕುರುಬರು, ಬೆಟ್ಟದ ಪೋಡುಗಳ ಸೋಲಿಗರು ಈ ಕ್ಯಾಮೆರಾಗಳನ್ನು ಬಹಳ ಕಾಲದಿಂದ ನೋಡುತ್ತ ಬಂದಿದ್ದಾರೆ. ಕಂಬಳಿ ಕೊಡುವಾಗ ಒಂದು ಫೋಟೊ, ಹಣ್ಣು ಕೊಡುವಾಗ ಒಂದು ಫೋಟೊ. 2020ರ ಲಾಕ್‌ಡೌನ್‌ನಲ್ಲಿ ಅಕ್ಕಿಯ ಚೀಲದ ಒಂದು ತುದಿ ಕೊಡುವವರ ಕೈಯಲ್ಲಿ, ಇನ್ನೊಂದು ತುದಿ ತೆಗೆದುಕೊಳ್ಳುವವರ ಕೈಯಲ್ಲಿ ಇರುವಾಗಲೇ ಫೋಟೊ ಆಗಬೇಕಿತ್ತು. 2018ರ ಕೊಡಗಿನ ಭೂಕುಸಿತದಲ್ಲಿ, 2019ರ ಉತ್ತರ ಕರ್ನಾಟಕದ ನೆರೆಯಲ್ಲಿ ಮನೆ ಕಳೆದುಕೊಂಡವರು ಸಾಲಿನಲ್ಲಿ ನಿಂತು ಪರಿಹಾರದ ಕಿಟ್ ಪಡೆದದ್ದೂ ಹೀಗೆಯೇ. ಸಂಘ, ಪಕ್ಷ, ಕಂಪನಿ, ಮಠ, ಅಭಿಮಾನಿ ಬಳಗ, ಯಾರೂ ಇದರಿಂದ ಹೊರತಲ್ಲ. ಪಡೆಯುವವರು ಬೇಡ ಎನ್ನುವ ಸ್ಥಿತಿಯಲ್ಲಿ ಇರುವುದಿಲ್ಲ. ಬೇಡ ಎನ್ನಲಾಗದವರ ಮೌನವನ್ನು ಒಪ್ಪಿಗೆ ಎಂದು ಬರೆದುಕೊಳ್ಳುವುದು ದಬ್ಬಾಳಿಕೆ.

ಬೇಗೂರಿನ ಆ ಶಾಲೆಯ ಪೋಷಕರು ಮಾತ್ರ ಮೌನವಾಗಿರಲಿಲ್ಲ. ಅವರು ಕೇಳಿದರು, ಉತ್ತರ ಪಡೆದರು, ಬರೆಸಿಕೊಂಡರು. ಅದಕ್ಕೇ ಈ ವಿಷಯ ಮತ್ತೆ ಮತ್ತೆ ಅದೇ ಮಾತಿಗೆ ಬಂದು ನಿಲ್ಲುತ್ತದೆ. ಮುಂಗಾರಿನಲ್ಲಿ ಊಟಿ ಹೆದ್ದಾರಿಯ ಬದಿಯಲ್ಲಿ ಸೂರ್ಯಕಾಂತಿ ಅರಳಿದಾಗ ಬೇಗೂರಿನಿಂದ ಗುಂಡ್ಲುಪೇಟೆಯವರೆಗೆ ಪ್ರವಾಸಿಗರು ಕಾರು ನಿಲ್ಲಿಸಿ ಹೊಲಕ್ಕೆ ಇಳಿಯುತ್ತಾರೆ. ಹೂವಿನ ನಡುವೆ ಫೋಟೊ ತೆಗೆಸಿಕೊಳ್ಳಬೇಕಾದರೆ ಹೊಲದವರನ್ನು ಕೇಳಬೇಕು. ಕೆಲವು ಕಡೆ ತಲೆಗಿಷ್ಟು ಎಂದು ಕೊಡಲೂಬೇಕು. ಹೂವಿನ ಚಿತ್ರಕ್ಕೆ ಇರುವ ಅಪ್ಪಣೆ ಅದೇ ಊರಿನ ಮಗುವಿನ ಚಿತ್ರಕ್ಕೆ ಇಲ್ಲದಂತಾಯಿತು.

ದುಃಖದ ಚಿತ್ರ ಹಾಕದಿದ್ದರೆ ದೇಣಿಗೆ ಬರುವುದಿಲ್ಲ, ದೇಣಿಗೆ ಬರದಿದ್ದರೆ ನಷ್ಟ ಮಕ್ಕಳಿಗೇ ಎಂಬುದು ಸಂಸ್ಥೆಗಳ ವಾದ. ಮೇಲೆ ಹೇಳಿದ ಅಧ್ಯಯನಗಳು ಆ ವಾದಕ್ಕೆ ಸ್ವಲ್ಪ ಬಲ ಕೊಡುತ್ತವೆ, ಅದನ್ನು ಮರೆಮಾಚುವಂತಿಲ್ಲ. ಆದರೆ ಆ ಅಧ್ಯಯನಗಳು ಅಳೆದದ್ದು ಒಂದು ಸಲದ ದಾನವನ್ನು. ಅದೇ ಮುಖ, ಅದೇ ಸಂಗೀತ ದಿನವೂ ಎದುರಾದಾಗ ಜನ ಬೆರಳಿನಿಂದ ತಳ್ಳಿ ಮುಂದೆ ಹೋಗುವುದನ್ನು ಕಲಿಯುತ್ತಾರೆ. ಒಂದು ಸುಳ್ಳು ಹೊರಬಿದ್ದರೆ ನಿಜವಾದ ಹಸಿವಿನ ಚಿತ್ರವನ್ನೂ ನಂಬುವುದಿಲ್ಲ. ದಾನಕ್ಕೆ ಅಳುವ ಮುಖವೇ ಬೇಕು ಎಂಬುದೂ ಈ ನೆಲದ ಅನುಭವವಲ್ಲ. ನಂಜನಗೂಡು ತಾಲ್ಲೂಕಿನ ಸುತ್ತೂರು ಮಠದ ಉಚಿತ ವಸತಿ ಶಾಲೆಗೆ, ತುಮಕೂರಿನ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮೀಜಿ ಅವರು 2019ರ ಜನವರಿಯಲ್ಲಿ ಲಿಂಗೈಕ್ಯರಾಗುವವರೆಗೂ ನಡೆಸಿದ ಸಾವಿರಾರು ಮಕ್ಕಳ ದಾಸೋಹಕ್ಕೆ ಜನ ಕೊಟ್ಟದ್ದು ಅಲ್ಲಿ ಉಣ್ಣುವ, ಓದುವ ಮಕ್ಕಳನ್ನು ಕಂಡು. ಇದೇ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದಾಗ ಸೋಲಿಗರ ನಡುವೆ ಇದ್ದು, ಅವರಿಗೆ ಚಿಕಿತ್ಸೆ ಕೊಟ್ಟು, ಶಾಲೆ ತೆರೆದು ವಿಶ್ವಾಸ ಗಳಿಸಿದರು. 1994ರ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂದದ್ದು ಆ ಕೆಲಸಕ್ಕೆ. ಇಂಥ ಕೆಲಸವನ್ನು ಕಂಡಿರುವ ಜಿಲ್ಲೆಗೆ ಬ್ಯಾಗು ಕೊಟ್ಟು ಮುಖ ತೆಗೆದುಕೊಂಡು ಹೋಗುವವರನ್ನು ಗುರುತಿಸುವುದು ಕಷ್ಟವಲ್ಲ.

ಸಂಸ್ಥೆ ಮಾಡಬೇಕಾದದ್ದು ಇಷ್ಟು. ಆ ಚಿತ್ರವನ್ನು ಎಲ್ಲ ಕಡೆಯಿಂದ ತೆಗೆಯಬೇಕು, ಬೇರೆಯವರಿಗೆ ಕೊಟ್ಟಿದ್ದರೆ ಅಲ್ಲಿಂದಲೂ ತೆಗೆಸಬೇಕು. ಬಾಲಕಿಗೆ ತಂದೆತಾಯಿ ಇದ್ದಾರೆ, ಅಂದು ಅವಳು ಶಾಲೆಯಲ್ಲಿ ಊಟ ಮಾಡಿದ್ದಳು ಎಂಬುದನ್ನು ಅವಳ ಗುರುತು ಬಿಟ್ಟುಕೊಡದೆ, ಜಾಹೀರಾತು ಬಂದ ಜಾಗದಲ್ಲೇ ಅಷ್ಟೇ ದೊಡ್ಡದಾಗಿ ಪ್ರಕಟಿಸಬೇಕು. ಆ ಚಿತ್ರದಿಂದ ಬಂದ ದುಡ್ಡು ಎಷ್ಟು, ಯಾತಕ್ಕೆ ಹೋಯಿತು ಎಂಬ ಲೆಕ್ಕ ಕೊಡಬೇಕು. ತಂದೆತಾಯಿಯ ಮನೆಗೆ ಅಧ್ಯಕ್ಷರೇ ಬಂದು ಕ್ಷಮೆ ಕೇಳಬೇಕು. ಪ್ರತಿನಿಧಿಯನ್ನು ಕಳಿಸಿದರೆ ಆಗದು, ಪ್ರತಿನಿಧಿಯ ಸಹಿಗೆ ಎಷ್ಟು ಬೆಲೆ ಎಂಬುದನ್ನು ಊರು ಕಂಡಿದೆ. ಶಾಲೆಗೆ ಕೊಟ್ಟ ಬ್ಯಾಗುಗಳನ್ನು ವಾಪಸು ಬೇಕೆಂದರೆ ಪೋಷಕರು ಕೊಡಲು ಸಿದ್ಧರಿದ್ದಾರೆ. ಅಧಿಕಾರದಲ್ಲಿ ಇರುವವರೂ ಇದನ್ನು ಓದಲಿ: ಹೊರಗಿನವರು ಸರ್ಕಾರಿ ಶಾಲೆಯೊಳಗೆ ಕ್ಯಾಮೆರಾ ತರುವ ಮೊದಲು ಎಸ್‌ಡಿಎಂಸಿಯ ಲಿಖಿತ ಒಪ್ಪಿಗೆ, ಪ್ರಕಟಿಸುವ ಮೊದಲು ಪೋಷಕರ ಲಿಖಿತ ಒಪ್ಪಿಗೆ ಕಡ್ಡಾಯ ಎಂಬ ಆದೇಶ ಹೊರಡಬೇಕು.

ದೇಣಿಗೆ ಕೊಡುವ ಓದುಗರಲ್ಲಿ ಒಂದು ವಿನಂತಿ. ಕೊಡುವುದನ್ನು ನಿಲ್ಲಿಸಬೇಡಿ. ಕೊಡುವ ಮೊದಲು ಸಂಸ್ಥೆಗೆ ಒಂದು ಪ್ರಶ್ನೆ ಬರೆದು ಕೇಳಿ: ಈ ಚಿತ್ರವನ್ನು ಮಗುವಿನ ಮನೆಯವರು ನೋಡಿ ಒಪ್ಪಿದ್ದಾರೆಯೇ? ಉತ್ತರ ಬಾರದಿದ್ದರೆ ಆ ದುಡ್ಡನ್ನು ನಿಮ್ಮೂರಿನ ಸರ್ಕಾರಿ ಶಾಲೆಗೆ ಕೊಡಿ. ಈ ಪತ್ರ ಅಚ್ಚಿಗೆ ಹೋಗುವ ಹೊತ್ತಿಗೂ ಆ ಜಾಹೀರಾತು ಓಡುತ್ತಲೇ ಇದೆ, ಸಂಸ್ಥೆಯಿಂದ ಪೋಷಕರಿಗೆ ಯಾರೂ ಆ ಚಿತ್ರವನ್ನು ತೋರಿಸಿಲ್ಲ.

ಇತಿ,
ಪೋಷಕರ ಪರವಾಗಿ
ಬೇಗೂರು, ಗುಂಡ್ಲುಪೇಟೆ ತಾಲ್ಲೂಕು
ಚಾಮರಾಜನಗರ ಜಿಲ್ಲೆ